ನೆರೆಯ ಹುಲ್ಲುಗಾವಲೂ ಹಳೆಯ ಕಟ್ಟಳೆಯೂ

ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ಮೇಲ್ಹರಿವಿನ ದಡದಲ್ಲಿರುವ ಕ್ರಿಕ್‌ಲೇಡ್ ಊರಿನ ‘ನಾರ್ತ್ ಮೆಡೋ’ ಹುಲ್ಲುಗಾವಲು ಚಳಿಗಾಲದಲ್ಲಿ ನೆರೆಗೆ ಮುಳುಗುತ್ತದೆ. ಏಪ್ರಿಲಿನಲ್ಲಿ ಅಲ್ಲಿ ಚೌಕುಳಿ ಗುರುತಿನ ನೇರಿಳೆ ಹೂವಿನ ಫ್ರಿಟಿಲರಿ ಅರಳುತ್ತದೆ. ಆ ದೇಶದಲ್ಲಿ ಅಪೂರ್ವವಾದ ಈ ಗಿಡವನ್ನು ಕಾಪಾಡಿದ್ದು ಊರವರ ಮೇವಿನ ಹಕ್ಕು. ಜುಲೈಯಲ್ಲಿ, ಬೀಜ ಉದುರಿದ ಮೇಲೆ, ಹುಲ್ಲಿನ ಕೊಯ್ಲು. ಆಗಸ್ಟ್ 12ರಿಂದ ಫೆಬ್ರುವರಿ 12ರವರೆಗೆ ಊರಿನ ದನಕುದುರೆಗಳಿಗೆ ಪ್ರವೇಶ. ಈ 12ರ ಹಿಂದೆ ಒಂದು ಚರಿತ್ರೆಯಿದೆ. ಹೊಸ ಗೋಧಿಯ ರೊಟ್ಟಿಯ ಹಬ್ಬವಾದ ‘ಲ್ಯಾಮಸ್’ ಆಗಸ್ಟ್ 1ರಂದು ಬರತಕ್ಕದ್ದು. 1752ರಲ್ಲಿ ಪಂಚಾಂಗವನ್ನು ತಿದ್ದಿ 11 ದಿನಗಳನ್ನು ಕಳೆದಾಗ, ಮೇವಿನ ಹಕ್ಕು ಮಾತ್ರ ಹಳೆಯ ಎಣಿಕೆಯನ್ನೇ ಹಿಡಿದು ನಿಂತಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಇಂಥ ಹೂಭರಿತ ತಗ್ಗುಗಾವಲುಗಳಲ್ಲಿ ಸುಮಾರು ಶೇಕಡ 97ರಷ್ಟು 1930ರ ಮತ್ತು 1980ರ ದಶಕಗಳ ನಡುವೆ ನೇಗಿಲು, ಬಸಿಗಾಲುವೆ, ರಾಸಾಯನಿಕ ಗೊಬ್ಬರಗಳ ಪಾಲಾದುವು. ನಾರ್ತ್ ಮೆಡೋ 1973ರಲ್ಲಿ ರಾಷ್ಟ್ರೀಯ ನಿಸರ್ಗಧಾಮವಾಯಿತು.

ಅಳಿದ ಗಾವಲುಗಳನ್ನು ಮತ್ತೆ ಬೆಳೆಸುವವರು ಹಳೆಯ ಗಾವಲಿನ ಬೀಜಸಹಿತವಾದ ಹಸಿಹುಲ್ಲನ್ನು ಕೊಯ್ದು ತಂದು ಕೂಡಲೇ ಹೊಸ ನೆಲದ ಮೇಲೆ ಹರಡುತ್ತಾರೆ. ಆದರೆ ಗೊಬ್ಬರವುಂಡ ಮಣ್ಣಿನಲ್ಲಿ ಒರಟು ಹುಲ್ಲೇ ಕೊಬ್ಬಿ ಸಣ್ಣ ಗಿಡಗಳನ್ನು ಅಡಗಿಸುತ್ತದೆ. ವರ್ಷವರ್ಷವೂ ಕೊಯ್ದು ಹೊರಸಾಗಿಸಿದಲ್ಲದೆ ಆ ಸಾರ ಇಳಿಯದು. ಫ್ರಿಟಿಲರಿಯ ತೊಡಕು ಇನ್ನೂ ವಿಚಿತ್ರ: ಅದನ್ನು ಉಳಿಸಿದ ತಡವಾದ ಕೊಯ್ಲೇ ಅದರ ಸಾಗಣೆಗೆ ಅಡ್ಡಿ. ಬಹುಪಾಲು ಬೀಜ ಆ ವೇಳೆಗೆ ಉದುರಿರುವುದರಿಂದ ಅದನ್ನು ಬೇರೆಯಾಗಿ ಆಯ್ದು ಬಿತ್ತಬೇಕು; ಬಿತ್ತಿದವನು ಮೊದಲ ಹೂವಿಗೆ ಹಲವು ವರ್ಷ ಕಾಯಬೇಕು.