ಸರ್ವರ್ ಕೋಣೆಯ ಕಥೆ: ಯಂತ್ರ ಕಾಯುವವರು ಮತ್ತು ನಮ್ಮ ಹೊಲದ ಪಹಣಿ



ಮಾಗನೂರು, ಮಕ್ತಲ್, ನಾರಾಯಣಪೇಟೆ ಕಡೆಯಿಂದ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಹೈದರಾಬಾದಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ. ಎಲ್ಲರೂ ಸಾಫ್ಟ್‌ವೇರ್ ಬರೆಯುವವರಲ್ಲ. ಕೆಲವರದ್ದು ಕಂಪನಿಯ ಸರ್ವರ್ ನೋಡಿಕೊಳ್ಳುವ ಕೆಲಸ, ಅದೂ ಹೆಚ್ಚಾಗಿ ರಾತ್ರಿ ಪಾಳಿ. "ರಾತ್ರಿಯೆಲ್ಲಾ ಕೂತು ಏನು ನೋಡ್ತೀಯಪ್ಪಾ?" ಎಂದು ಮನೆಯಲ್ಲಿ ಕೇಳಿದರೆ ಉತ್ತರ ಹೇಳುವುದು ಕಷ್ಟ. ಈ ಕೆಲಸ ಎಲ್ಲಿಂದ ಬಂತು, ನಮ್ಮ ಹೊಲದ ಪಹಣಿಗೂ ಅದಕ್ಕೂ ಏನು ನಂಟು ಎಂಬುದನ್ನು ಸ್ವಲ್ಪ ಇತಿಹಾಸದೊಂದಿಗೆ ನೋಡೋಣ.

ಒಂದು ಯಂತ್ರ, ಹಲವು ಬಾಡಿಗೆದಾರರು

1960ರ ದಶಕದಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. ಬೆಲೆ ವಿಪರೀತ. ಅಷ್ಟು ದುಬಾರಿ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವುದು ಹೇಗೆ ಎಂದು ಅಮೆರಿಕದ ಐಬಿಎಂ ಎಂಜಿನಿಯರುಗಳು ಯೋಚಿಸಿದರು. ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರುಗಳಿರುವಂತೆ ಮಾಡುವ ವ್ಯವಸ್ಥೆ ಕಟ್ಟಿದರು. ಅದರ ಫಲವಾಗಿ 1972ರಲ್ಲಿ 'ವಿಎಂ/370' ಮಾರುಕಟ್ಟೆಗೆ ಬಂತು. ವಿಎಂ ಎಂದರೆ ವರ್ಚುವಲ್ ಮಷೀನ್. ದೊಡ್ಡ ಮನೆಗೆ ನಡುವೆ ಗೋಡೆ ಹಾಕಿ ನಾಲ್ಕು ಬಾಡಿಗೆ ಮನೆ ಮಾಡಿದ ಹಾಗೆ. ಬಾಗಿಲು ಬೇರೆ, ಬೀಗ ಬೇರೆ, ಆದರೆ ತಳಪಾಯ ಒಂದೇ.

ನಮ್ಮ ದೇಶದಲ್ಲಿ ಐಬಿಎಂ 1978ರಲ್ಲಿ ವ್ಯವಹಾರ ಮುಚ್ಚಿ ಹೊರಟಿತು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. ಅಲ್ಲಿನ ಮೈಕೋ ಕಾರ್ಖಾನೆಯ ಕೆಲಸಕ್ಕಾಗಿ 'ಡೇಟಾ ಜನರಲ್' ಕಂಪನಿಯ ಎಂವಿ/8000 ಕಂಪ್ಯೂಟರನ್ನು ಹೊರದೇಶದಿಂದ ತರಿಸಿತು. ಆ ಕಾಲದ ಕಂಪ್ಯೂಟರ್ ವಿಭಾಗಕ್ಕೆ ತಂಪಾದ ಕೋಣೆ, ತಡೆಯಿಲ್ಲದ ಕರೆಂಟು, ಧೂಳಿಲ್ಲದ ನೆಲ ಇವೇ ದೊಡ್ಡ ಚಿಂತೆ. ಕಾಯಬೇಕಾದದ್ದು ಕಣ್ಣಿಗೆ ಕಾಣುವ ಯಂತ್ರ.

1990ರ ದಶಕದಲ್ಲಿ ಸರ್ವರ್‌ಗಳು ಅಗ್ಗವಾದವು. ಸಂಬಳದ ಲೆಕ್ಕಕ್ಕೆ ಒಂದು, ಇಮೇಲ್‌ಗೆ ಒಂದು, ವೆಬ್‌ಸೈಟ್‌ಗೆ ಒಂದು ಎಂದು ಕಂಪನಿಗಳು ಕೊಳ್ಳುತ್ತಾ ಹೋದವು. ಅವುಗಳಲ್ಲಿ ಬಹುಪಾಲು ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತಿದ್ದವು, ಕರೆಂಟ್ ಬಿಲ್ಲು ಮಾತ್ರ ಏರುತ್ತಿತ್ತು. ಆಗ ಹಳೆಯ ಐಬಿಎಂ ಉಪಾಯ ಮತ್ತೆ ಕೆಲಸಕ್ಕೆ ಬಂತು. 1998ರಲ್ಲಿ ಶುರುವಾದ ವಿಎಂವೇರ್ ಕಂಪನಿ 1999ರಲ್ಲಿ ಸಾಮಾನ್ಯ ಕಂಪ್ಯೂಟರಿಗೂ, 2001ರಲ್ಲಿ ಸರ್ವರ್‌ಗೂ ವರ್ಚುವಲ್ ಮಷೀನ್ ತಂದಿತು. 2003ರಲ್ಲಿ ಬಂದ 'ವಿಮೋಷನ್' ಸೌಲಭ್ಯದಿಂದ ಓಡುತ್ತಿರುವ ವರ್ಚುವಲ್ ಮಷೀನನ್ನು ನಿಲ್ಲಿಸದೆಯೇ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸಬಹುದಾಯಿತು. 2007ರಲ್ಲಿ ಕೆವಿಎಂ ಲಿನಕ್ಸ್‌ನೊಳಗೇ ಸೇರಿ, ಇದೇ ಕೆಲಸ ಉಚಿತವಾಗಿಯೂ ಸಿಕ್ಕಿತು.

ಇಲ್ಲಿಂದ ಕಾಯುವ ಕೆಲಸದ ರೀತಿಯೇ ಬದಲಾಯಿತು. ಸರ್ವರ್ ಈಗ ನಕಲು ಮಾಡಬಹುದಾದ, ಸಾಗಿಸಬಹುದಾದ, ಅಳಿಸಬಹುದಾದ ಒಂದು ಫೈಲು. ಹೊಸದೊಂದನ್ನು ಹುಟ್ಟಿಸಲು ಕೆಲವೇ ನಿಮಿಷ ಸಾಕು. ಆದ್ದರಿಂದಲೇ ಯಾವುದನ್ನು ಯಾರು, ಯಾಕೆ ಮಾಡಿದರು ಎಂಬ ಲೆಕ್ಕ ತಪ್ಪುವುದೂ ಅಷ್ಟೇ ಸುಲಭ.

ಪಹಣಿಯ ಪ್ರಯಾಣ

ಇದು ಕಂಪನಿಗಳ ಮಾತಾಯಿತು, ನಮಗೇನು ಎನ್ನಬೇಡಿ. ಕೃಷ್ಣಾ ನದಿಯಾಚೆಯ ರಾಯಚೂರೂ ಈಚೆಯ ನಾವೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವರು. ಆಮೇಲೆ ಅವರ ಪಹಣಿ ಬೆಂಗಳೂರಿನ ಆಡಳಿತಕ್ಕೆ, ನಮ್ಮದು ಹೈದರಾಬಾದಿನ ಆಡಳಿತಕ್ಕೆ ಹೋಯಿತು. ಕರ್ನಾಟಕದ 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ಯಂತ್ರಗಳು ತಾಲೂಕು ಕಚೇರಿಯಲ್ಲೇ ಇದ್ದವು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಯಾರು ತಿದ್ದಿದರು ಎಂಬುದು ಮುಂದೆ ಗೊತ್ತಾಗಲಿ ಎಂಬುದೇ ಅದರ ಉದ್ದೇಶ.

ಹೀಗೆ ಊರೂರಿಗೆ ಯಂತ್ರ ಇಟ್ಟು ಕಾಯುವುದಕ್ಕಿಂತ ಒಂದೆಡೆ ಇಡುವುದು ಲೇಸೆಂದು 2008ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಜ್ಯಕ್ಕೊಂದು ಡೇಟಾ ಸೆಂಟರ್ ಕಟ್ಟುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ 2008ರಲ್ಲಿ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ತನ್ನ ಮೊದಲ ರಾಷ್ಟ್ರೀಯ ಡೇಟಾ ಸೆಂಟರನ್ನು ಹೈದರಾಬಾದಿನಲ್ಲಿ ತೆರೆಯಿತು. ಪುಣೆ 2010ರಲ್ಲಿ, ದೆಹಲಿ 2011ರಲ್ಲಿ, ಭುವನೇಶ್ವರ 2018ರಲ್ಲಿ ಸೇರಿದವು. ತೆಲಂಗಾಣದಲ್ಲಿ 2020ರ ಅಕ್ಟೋಬರ್ 29ರಂದು 'ಧರಣಿ' ಬಂತು. 2025ರ ಏಪ್ರಿಲ್ 14ರಂದು ಅದರ ಜಾಗಕ್ಕೆ 'ಭೂ ಭಾರತಿ' ಬಂತು. ಮೊದಲ ಪ್ರಯೋಗಕ್ಕೆ ಆರಿಸಿದ ನಾಲ್ಕು ಮಂಡಲಗಳಲ್ಲಿ ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಒಂದು. ಅಪ್ಪ, ಅಜ್ಜ ದುಡಿದ ಹೊಲದ ಲೆಕ್ಕ ಈಗ ನಾವು ಕಾಣದ ಊರಿನ, ನಾವು ಕಾಣದ ಯಂತ್ರದಲ್ಲಿದೆ.

ಎರಡನೇ ಪ್ರತಿ

ಆ ಯಂತ್ರಕ್ಕೆ ಬೆಂಕಿ ಬಿದ್ದರೆ? ಇದು ಬರೀ ಊಹೆಯಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್'ನ 858 ಟೆರಾಬೈಟ್ ಸುಟ್ಟುಹೋಯಿತು. ಅದಕ್ಕೆ ಹೊರಗೆ ಬೇರೆ ಪ್ರತಿ ಇರಲಿಲ್ಲ. ಗಾತ್ರ ತೀರಾ ದೊಡ್ಡದು ಎಂಬುದೇ ಕೊಟ್ಟ ಕಾರಣ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದಲ್ಲೇ ಹೀಗಾಯಿತು.

ಈ ಎರಡನೇ ಪ್ರತಿಯ ವಿಚಾರ ನಮಗೆ ಹೊಸದಲ್ಲ. 1917ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ, ಜ್ಞಾನಸ್ನಾನದ ರಿಜಿಸ್ಟರ್ ಮುಂತಾದ ಧರ್ಮಕೇಂದ್ರದ ಪುಸ್ತಕಗಳ ಪ್ರತಿಯನ್ನು ವರ್ಷದ ಕೊನೆಗೆ ಧರ್ಮಾಧ್ಯಕ್ಷರ ಕಚೇರಿಗೆ ಕಳಿಸಬೇಕೆಂದು ಗುರುಗಳಿಗೆ ವಿಧಿಸಿತ್ತು. ಕಂಪ್ಯೂಟರೇ ಇಲ್ಲದ ಕಾಲದ ಆ ನಿಯಮವನ್ನೇ ಇಂದು ಡೇಟಾ ಸೆಂಟರಿನವರು 'ಆಫ್‌ಸೈಟ್ ಬ್ಯಾಕಪ್' ಎನ್ನುತ್ತಾರೆ.

ರಾತ್ರಿ ಪಾಳಿಯ ಕೆಲಸ ಇದೇ. ಬ್ಯಾಕಪ್ ಆಯಿತೇ, ಅದನ್ನು ತೆರೆದರೆ ನಿಜಕ್ಕೂ ದಾಖಲೆ ಮರಳಿ ಬರುತ್ತದೆಯೇ, ಭದ್ರತೆಯ ಪ್ಯಾಚ್ ಹಾಕಿದ್ದಾರೆಯೇ, ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ಇನ್ನೂ ನಡೆಯುತ್ತಿದೆಯೇ ಎಂದು ನೋಡುವುದು. ಎಲ್ಲ ಸರಿ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಶಹಬ್ಬಾಸ್ ಎನ್ನುವವರೂ ಇಲ್ಲ. ಆದರೂ ಮಾಡಬೇಕು.

ಈ ಕ್ಷೇತ್ರ ಈಗಲೂ ಬದಲಾಗುತ್ತಿದೆ. 2023ರ ನವೆಂಬರಿನಲ್ಲಿ ವಿಎಂವೇರನ್ನು ಬ್ರಾಡ್‌ಕಾಮ್ ಕೊಂಡಿತು. ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್ ಹೋಗಿ ಚಂದಾ ಪದ್ಧತಿ ಬಂತು. ಹಲವು ಕಂಪನಿಗಳು ಕೆವಿಎಂನಂಥ ಬೇರೆ ದಾರಿ ನೋಡುತ್ತಿವೆ. ಅಂದರೆ ಕಲಿಯುವವರಿಗೆ ಅವಕಾಶವೂ ಇದೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಲಿನಕ್ಸ್ ಇಳಿಸಿ. ಒಂದು ವರ್ಚುವಲ್ ಮಷೀನ್ ಮಾಡಿ, ಅದರ ಪ್ರತಿ ತೆಗೆದು ಬೇರೆ ಡಿಸ್ಕಿನಲ್ಲಿಡಿ. ಆಮೇಲೆ ಮೂಲವನ್ನು ಬೇಕೆಂದೇ ಅಳಿಸಿ, ಪ್ರತಿಯಿಂದ ಮತ್ತೆ ಎಬ್ಬಿಸಿ ನೋಡಿ. ಇದಕ್ಕೆ ಖರ್ಚಾಗುವುದು ಒಂದು ಭಾನುವಾರದ ಮಧ್ಯಾಹ್ನ ಅಷ್ಟೇ.

ಹಿರಿಯರಲ್ಲೊಂದು ವಿನಂತಿ. ಹಬ್ಬಕ್ಕೆ ಊರಿಗೆ ಬಂದ ಮಗ ಮಗಳು ಹಗಲಲ್ಲಿ ನಿದ್ದೆ ಹೋದರೆ ಬೈಯಬೇಡಿ. ಯಾರದ್ದೋ ಸಂಬಳದ, ಯಾರದ್ದೋ ಹೊಲದ ಲೆಕ್ಕವನ್ನು ಅವರು ರಾತ್ರಿಯೆಲ್ಲಾ ಕಾದು ಬಂದಿರುತ್ತಾರೆ.