42ನೆಯ ನಿಯಮ

1992ರಲ್ಲಿ ರಿಯೊ ಡಿ ಜನೈರೊ ನಗರದಲ್ಲಿ ರಾಷ್ಟ್ರನಾಯಕರು ಅಂಕಿತವಿತ್ತ ಹವಾಮಾನ ಒಡಂಬಡಿಕೆಯೇನೋ 1994ರ ಮಾರ್ಚ್ 21ರಂದು ಜಾರಿಗೆ ಬಂದಿತು. ಆದರೆ ಅದರ ಅಡಿಯಲ್ಲಿ ಕೂಡುವ ಸಭೆಯಲ್ಲಿ ಭಿನ್ನಾಭಿಪ್ರಾಯ ತಲೆದೋರಿದರೆ ನಿರ್ಣಯಿಸುವ ಬಗೆ ಯಾವುದೆಂಬುದು ಮಾತ್ರ ಇತ್ಯರ್ಥವಾಗದೆ ಉಳಿಯಿತು. ಮರುವರ್ಷ ಬರ್ಲಿನ್ನಿನಲ್ಲಿ, ಅಂದು ಜರ್ಮನಿಯ ಪರಿಸರ ಸಚಿವೆಯಾಗಿದ್ದ ಆಂಗೆಲಾ ಮರ್ಕೆಲ್ ಅವರ ಅಧ್ಯಕ್ಷತೆಯಲ್ಲಿ ನೆರೆದ ಪ್ರಥಮ ಸಮ್ಮೇಳನದಲ್ಲಿ, ಸಭೆಯ ಕಾರ್ಯವಿಧಾನದ ಕರಡು ನಿಯಮಾವಳಿಯಲ್ಲಿ ಮತದಾನವನ್ನು ಕುರಿತ 42ನೆಯ ನಿಯಮಕ್ಕೆ ಸೌದಿ ಅರೇಬಿಯಾ ಮೊದಲಾದ ತೈಲರಾಷ್ಟ್ರಗಳು ಸಮ್ಮತಿಸಲಿಲ್ಲ. ಹಣಕಾಸಿನ ವಿಷಯ ಬಂದಾಗ ಧನಿಕ ರಾಷ್ಟ್ರಗಳಿಗೂ ಬಹುಮತವೆಂದರೆ ಅಳುಕೇ. ಅಂದಿನಿಂದ ಆ ನಿಯಮವು ಕರಡಿನಲ್ಲಿ ಚೌಕ ಆವರಣಗಳ ನಡುವೆ ಸೆರೆಯಾಗಿದ್ದು, ಅದೊಂದನ್ನುಳಿದು ಮಿಕ್ಕ ನಿಯಮಗಳನ್ನು ಅನುಸರಿಸುವುದೇ ವಾಡಿಕೆಯಾಯಿತು; ಹೀಗಾಗಿ ತೀರ್ಮಾನಗಳಿಗೆ ಒಮ್ಮತವೇ ಆಧಾರವಾಯಿತು.

ಇದು ಅನಿವಾರ್ಯವಾಗಿತ್ತೆಂದು ಹೇಳಲು ನನ್ನ ಮನಸ್ಸೊಪ್ಪದು. ಓಜೋನ್ ಪದರದ ರಕ್ಷಣೆಗಾಗಿ 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಏರ್ಪಟ್ಟ ಒಪ್ಪಂದದಲ್ಲಿ, ಒಮ್ಮತ ಕೈಗೂಡದಿದ್ದಲ್ಲಿ ಹಾನಿಕರ ಅನಿಲಗಳ ಮೇಲಿನ ಕಟ್ಟುಪಾಡುಗಳನ್ನು ಮೂರನೆಯ ಎರಡರಷ್ಟು ಬಹುಮತದಿಂದಲೇ ಬಿಗಿಗೊಳಿಸಬಹುದೆಂದೂ, ಹಾಗೆ ಬಿಗಿಗೊಳಿಸಿದ್ದು ಎಲ್ಲ ಸದಸ್ಯರಿಗೂ ಅನ್ವಯಿಸುವುದೆಂದೂ ನಿಷ್ಕರ್ಷೆಯಾಗಿತ್ತು. ದಾರಿಯು ಕಣ್ಮುಂದೆಯೇ ಇತ್ತು, ಹಿಡಿಯುವವರಿರಲಿಲ್ಲ.

ಮತದಾನವಿಲ್ಲದ ಸಭೆಯಲ್ಲಿ ಅಧ್ಯಕ್ಷರ ಕೈಯ ಮರದ ಸುತ್ತಿಗೆಗೆ ಇಲ್ಲದ ಮಹತ್ತ್ವ ಬಂದಿತು. 2009ರ ಕೋಪನ್‌ಹೇಗನ್ ಸಮ್ಮೇಳನದ ಕೊನೆಯ ರಾತ್ರಿ, ಕೆಲವೇ ನಾಯಕರು ಮುಚ್ಚಿದ ಬಾಗಿಲ ಹಿಂದೆ ಸಿದ್ಧಪಡಿಸಿದ ಪತ್ರವನ್ನು ಮಂಡಿಸಿದಾಗ, ಮಾತಿಗೆ ಅವಕಾಶ ಕೇಳಿ ಕೇಳಿ ಬೇಸತ್ತ ವೆನಿಜುವೆಲಾದ ಪ್ರತಿನಿಧಿಯು ಮೇಜನ್ನು ಬಡಿದು ಬಡಿದು ನೆತ್ತರಾದ ಕೈಯನ್ನು ಮೇಲೆತ್ತಿ ತೋರಿದರಂತೆ. ಐದಾರು ರಾಷ್ಟ್ರಗಳ ವಿರೋಧದಿಂದಾಗಿ ಸಭೆಯು ಆ ಪತ್ರವನ್ನು ಅಂಗೀಕರಿಸದೆ, ಕೇವಲ ಗಮನಕ್ಕೆ ತೆಗೆದುಕೊಂಡು ಮುಗಿಯಿತು. ಮರುವರ್ಷ ಮೆಕ್ಸಿಕೋದ ಕಾನ್‌ಕೂನ್‌ನಲ್ಲಿ ಬೊಲಿವಿಯಾ ಒಂದೇ ನಿಂತು ವಿರೋಧಿಸಿದಾಗ, ಅಧ್ಯಕ್ಷೆ ಪಟ್ರೀಸಿಯಾ ಎಸ್ಪಿನೋಸಾ ಅವರು ಒಬ್ಬರ ತಡೆಯಿಂದ ಒಮ್ಮತ ಕೆಡುವುದಿಲ್ಲವೆಂದು ಸುತ್ತಿಗೆ ಬಡಿದರು, ಸಭೆ ಕರತಾಡನ ಮಾಡಿತು. ಬಡಿದವರ ಸದುದ್ದೇಶವನ್ನು ನಾನು ಶಂಕಿಸೆನು. ಆದರೆ ಬೊಲಿವಿಯಾಕ್ಕೆ ಸಂದ ನ್ಯಾಯವೇ ಅಮೆರಿಕಕ್ಕೂ ಸಲ್ಲುತ್ತಿತ್ತೇ? 2012ರಲ್ಲಿ ದೋಹಾದಲ್ಲಿ ಅದೇ ಉಪಾಯ ರಷ್ಯಾದ ಆಕ್ಷೇಪವನ್ನು ದಾಟಿಹೋಯಿತು. ಮರುವರ್ಷ ಬಾನ್ ನಗರದಲ್ಲಿ ರಷ್ಯಾ, ಉಕ್ರೇನ್ ಮತ್ತು ಬೆಲಾರುಸ್ ದೇಶಗಳು ಕಾರ್ಯಸೂಚಿಯನ್ನೇ ಒಪ್ಪದೆ, ಒಂದು ಉಪಸಮಿತಿಯ ಎರಡು ವಾರಗಳ ಅಧಿವೇಶನವನ್ನು ನಿರರ್ಥಕಗೊಳಿಸಿ ಸೇಡು ತೀರಿಸಿಕೊಂಡವು.

ಕಡೆಯ ಉಪಾಯವಾಗಿಯಾದರೂ ಮತದಾನವಿರಲೆಂದು 2011ರಲ್ಲಿ ಪಪುವಾ ನ್ಯೂಗಿನಿ ಮತ್ತು ಮೆಕ್ಸಿಕೋ ತಂದ ತಿದ್ದುಪಡಿಯ ಸೂಚನೆಯು ವರ್ಷಾನುವರ್ಷ ಮುಂದಕ್ಕೆ ತಳ್ಳಲ್ಪಟ್ಟಿತು. ಸೋಜಿಗವೆಂದರೆ, ಒಡಂಬಡಿಕೆಯ 15ನೆಯ ವಿಧಿಯ ಪ್ರಕಾರ ಅಂಥ ತಿದ್ದುಪಡಿಯನ್ನು ಬೇರೆ ದಾರಿ ಕಾಣದಾಗ ನಾಲ್ಕನೆಯ ಮೂರರಷ್ಟು ಬಹುಮತದಿಂದ ಅಂಗೀಕರಿಸಲು ಅಡ್ಡಿಯೇ ಇಲ್ಲ. ಆದರೆ ತಿದ್ದುಪಡಿಯು ಅದನ್ನು ಒಪ್ಪಿಕೊಂಡ ರಾಷ್ಟ್ರಗಳಿಗಷ್ಟೇ ಅನ್ವಯಿಸತಕ್ಕದ್ದಾದುದರಿಂದ, ಯಾರನ್ನು ಕಟ್ಟಿಹಾಕಬೇಕೋ ಅವರೇ ಅದರ ಹೊರಗೆ ನಿಲ್ಲಬಹುದು.