ಕೃಷಿ ಕಾರ್ಬನ್ ಕ್ರೆಡಿಟ್‌ಗಳ ಇತಿಹಾಸ

ಬೇಸಾಯದ ಕ್ರಮ ಬದಲಿಸಿ ಮಣ್ಣಿನಲ್ಲಿ ಹೆಚ್ಚುವರಿ ಇಂಗಾಲ ಸಂಗ್ರಹಿಸಿದ, ಇಲ್ಲವೇ ಹಸಿರುಮನೆ ಅನಿಲಗಳ ಹೊರಸೂಸುವಿಕೆ ತಗ್ಗಿಸಿದ ರೈತರ ಕೆಲಸಕ್ಕೆ ದೊರೆಯುವ, ಮಾರಾಟಕ್ಕೆ ಒದಗುವ ಪ್ರಮಾಣಪತ್ರವೇ ಕೃಷಿ ಕಾರ್ಬನ್ ಕ್ರೆಡಿಟ್. ಒಂದು ಕ್ರೆಡಿಟ್ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ತಮ್ಮ ಹೊರಸೂಸುವಿಕೆಗೆ ಪರಿಹಾರ ತೋರಿಸಬೇಕಾದ ಕಂಪನಿಗಳು ಮತ್ತು ಸರ್ಕಾರಗಳು ಇದನ್ನು ಕೊಳ್ಳುತ್ತವೆ. ಉಳುಮೆ ಕಡಿಮೆ ಮಾಡುವುದು, ಹೊದಿಕೆ ಬೆಳೆ, ಮುಚ್ಚಿಗೆ, ಹಸಿರೆಲೆ ಗೊಬ್ಬರ, ಬೆಳೆ ಪರಿವರ್ತನೆ, ಬದುಗಳಲ್ಲಿ ಮರ ಬೆಳೆಸುವುದು, ಸರದಿಯ ಮೇಯಿಸುವಿಕೆ ಮುಂತಾದ ಪುನರುತ್ಪಾದಕ ಕೃಷಿ ಪದ್ಧತಿಗಳು ಇದರ ಆಧಾರ.

ಹಿನ್ನೆಲೆ

ಗಿಡಗಳು ಗಾಳಿಯಿಂದ ಹೀರಿದ ಇಂಗಾಲ ಬೇರು, ತರಗೆಲೆ, ಕೊಟ್ಟಿಗೆ ಗೊಬ್ಬರಗಳ ಮೂಲಕ ಮಣ್ಣು ಸೇರುತ್ತದೆ. ಪದೇ ಪದೇ ಉತ್ತು, ಕೂಳೆ ಸುಟ್ಟರೆ ಅದು ಮತ್ತೆ ಗಾಳಿಗೆ ಹೋಗುತ್ತದೆ. ಜಗತ್ತಿನ ಮೇಲ್ಪದರದ ಒಂದು ಮೀಟರ್ ಮಣ್ಣಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲವಿದೆ. ವಾತಾವರಣದಲ್ಲಿರುವುದಕ್ಕಿಂತ ಇದು ಬಹಳ ಹೆಚ್ಚು. ಅಮೆರಿಕದ ಪೆನ್ಸಿಲ್ವೇನಿಯಾದ ರಾಬರ್ಟ್ ರೊಡೇಲ್ 1980ರ ದಶಕದಲ್ಲಿ ಪುನರುತ್ಪಾದಕ ಕೃಷಿಯ ವಿಚಾರವನ್ನು ಪ್ರಚಾರಕ್ಕೆ ತಂದರು. ಕಳೆದುಹೋದ ಇಂಗಾಲವನ್ನು ಮಣ್ಣಿಗೆ ಮರಳಿಸಬಹುದೆಂದು ದಶಕಗಳ ಸಂಶೋಧನೆಯಿಂದ ತೋರಿಸಿಕೊಟ್ಟವರಲ್ಲಿ ಪಂಜಾಬ್ ಮೂಲದ ಮಣ್ಣುವಿಜ್ಞಾನಿ ರತ್ತನ್ ಲಾಲ್ ಪ್ರಮುಖರು. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಈ ಪ್ರಾಧ್ಯಾಪಕರಿಗೆ 2020ರ ವಿಶ್ವ ಆಹಾರ ಪ್ರಶಸ್ತಿ ಸಂದಿತು.

1997ರ ಕ್ಯೋಟೊ ಒಪ್ಪಂದ ಕಾರ್ಬನ್ ವ್ಯಾಪಾರಕ್ಕೆ ದಾರಿ ತೆರೆಯಿತು. ಆದರೆ ಬಡ ದೇಶಗಳಿಗಾಗಿ ರೂಪಿಸಿದ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಲ್ಲಿ, ಭೂಬಳಕೆಗೆ ಸಂಬಂಧಿಸಿದಂತೆ ಅರಣ್ಯ ಬೆಳೆಸುವುದಕ್ಕೆ ಮಾತ್ರ ಅವಕಾಶ ಸಿಕ್ಕಿತು. ಹೊಲದ ಮಣ್ಣು ಹೊರಗುಳಿಯಿತು. ಹೀಗಾಗಿ ಮಣ್ಣಿನ ಕ್ರೆಡಿಟ್ ಬೆಳೆದದ್ದು ಬಹುಮಟ್ಟಿಗೆ ಸ್ವಯಂಪ್ರೇರಿತ ಮಾರುಕಟ್ಟೆಯಲ್ಲಿ.

ಷಿಕಾಗೊ ಪ್ರಯೋಗ

ಅರ್ಥಶಾಸ್ತ್ರಜ್ಞ ರಿಚರ್ಡ್ ಸ್ಯಾಂಡರ್ ಸ್ಥಾಪಿಸಿದ ಷಿಕಾಗೊ ಕ್ಲೈಮೇಟ್ ಎಕ್ಸ್‌ಚೇಂಜ್ 2003ರಲ್ಲಿ ವಹಿವಾಟು ಆರಂಭಿಸಿತು. ನಾರ್ತ್ ಡಕೋಟ ರೈತ ಒಕ್ಕೂಟದಂಥ ಸಂಸ್ಥೆಗಳು ಲಕ್ಷಾಂತರ ಎಕರೆಗಳನ್ನು ಒಗ್ಗೂಡಿಸಿ ಮಾರುಕಟ್ಟೆಗೆ ತಂದವು. ಉಳುಮೆ ತಗ್ಗಿಸುವುದಾಗಿ ಒಪ್ಪಂದ ಮಾಡಿಕೊಂಡ ರೈತರಿಗೆ ಪ್ರತಿ ಹೊಲದ ಮಣ್ಣು ಪರೀಕ್ಷಿಸದೆ, ಪ್ರದೇಶವಾರು ನಿಗದಿಯಾದ ದರದಲ್ಲಿ ಎಕರೆಗಿಷ್ಟು ಎಂದು ಕ್ರೆಡಿಟ್ ಕೊಡಲಾಗುತ್ತಿತ್ತು. 2008ರಲ್ಲಿ ಟನ್ನಿಗೆ 7 ಡಾಲರ್ ದಾಟಿದ್ದ ಬೆಲೆ, ಅಮೆರಿಕದ ಸಂಸತ್ತಿನಲ್ಲಿ ಹವಾಮಾನ ಮಸೂದೆ ನೆನೆಗುದಿಗೆ ಬಿದ್ದ ಬಳಿಕ ಕೆಲವೇ ಸೆಂಟ್‌ಗಳಿಗೆ ಕುಸಿಯಿತು. 2010ರಲ್ಲಿ ವಹಿವಾಟು ನಿಂತಿತು. ಉಳದ ಹೊಲದಲ್ಲಿ ಇಂಗಾಲ ಮೇಲ್ಪದರದಲ್ಲಿ ಹೆಚ್ಚಿದಂತೆ ಕಂಡರೂ, 30 ಸೆಂಟಿಮೀಟರ್‌ಗಿಂತ ಆಳದ ಮಣ್ಣನ್ನೂ ಲೆಕ್ಕಕ್ಕೆ ಹಿಡಿದರೆ ಆ ಲಾಭ ಖಚಿತವಲ್ಲ ಎಂದು ಮಣ್ಣುವಿಜ್ಞಾನಿಗಳು 2007ರಲ್ಲೇ ಎಚ್ಚರಿಸಿದ್ದರು.

ಕೆನ್ಯಾ ಮತ್ತು ಆಸ್ಟ್ರೇಲಿಯಾ

ಸಣ್ಣ ರೈತರ ಮೊದಲ ದೊಡ್ಡ ಪ್ರಯತ್ನ ನಡೆದದ್ದು ಪಶ್ಚಿಮ ಕೆನ್ಯಾದಲ್ಲಿ. ವಿಶ್ವಬ್ಯಾಂಕಿನ ಬಯೋಕಾರ್ಬನ್ ನಿಧಿಯ ನೆರವಿನಿಂದ ಸ್ವೀಡನ್ ಮೂಲದ ವಿ ಅಗ್ರೊಫಾರೆಸ್ಟ್ರಿ ಸಂಸ್ಥೆ 45,000 ಹೆಕ್ಟೇರ್‌ನಲ್ಲಿ 60,000 ರೈತರನ್ನು ಸೇರಿಸಿಕೊಳ್ಳುವ ಯೋಜನೆ ಕೈಗೊಂಡಿತು. ಕಾಂಪೋಸ್ಟ್, ಮುಚ್ಚಿಗೆ, ಬದುವಿನ ಮರಗಳು ಅದರ ಮುಖ್ಯ ಅಂಗ. ಪ್ರತಿ ಹೊಲದ ಮಣ್ಣು ಅಗೆಯುವ ಬದಲು, ರೈತರು ಅನುಸರಿಸಿದ ಪದ್ಧತಿಗಳನ್ನು ದಾಖಲಿಸಿ ಕಂಪ್ಯೂಟರ್ ಮಾದರಿಯಿಂದ ಇಂಗಾಲ ಅಂದಾಜಿಸಲಾಯಿತು. 2014ರ ಜನವರಿಯಲ್ಲಿ 24,788 ಟನ್‌ನ ಮೊದಲ ಕ್ರೆಡಿಟ್ ಸಿಕ್ಕಿತು. ಅಷ್ಟು ರೈತರ ನಡುವೆ ಹಂಚಿದರೆ ತಲೆಗೆ ಒಂದು ಟನ್ನೂ ಬರುವುದಿಲ್ಲ. ಅಲ್ಲಿ ಹೊಲದ ಫಲವತ್ತತೆಯೇ ನಿಜವಾದ ಗಳಿಕೆ. ಕ್ರೆಡಿಟ್ ಹಣ ಸಣ್ಣ ಸೇರ್ಪಡೆ.

ಆಸ್ಟ್ರೇಲಿಯಾ 2011ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. ಆರಂಭದಲ್ಲಿ ಮತ್ತು ವರ್ಷಗಳ ನಂತರ ಮಣ್ಣಿನ ಮಾದರಿ ತೆಗೆದು, ವ್ಯತ್ಯಾಸಕ್ಕೆ ಮಾತ್ರ ಕ್ರೆಡಿಟ್ ಕೊಡುವ ಕಟ್ಟುನಿಟ್ಟಿನ ಕ್ರಮ ಅಲ್ಲಿಯದು. ಕೂಡಿಟ್ಟ ಇಂಗಾಲವನ್ನು 25 ಅಥವಾ 100 ವರ್ಷ ಕಾಪಾಡಬೇಕು. 25 ವರ್ಷ ಆರಿಸಿಕೊಂಡರೆ ಕ್ರೆಡಿಟ್‌ನಲ್ಲಿ ಐದನೇ ಒಂದು ಭಾಗ ಕಡಿತ. ಈ ವ್ಯವಸ್ಥೆಯ ಮೊದಲ ಮಣ್ಣಿನ ಕ್ರೆಡಿಟ್ 2019ರಲ್ಲಿ ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್‌ನ ಜಮೀನೊಂದಕ್ಕೆ ದೊರೆಯಿತು.

ಕಂಪನಿಗಳ ಪ್ರವೇಶ

2015ರ ಪ್ಯಾರಿಸ್ ಹವಾಮಾನ ಸಮಾವೇಶದಲ್ಲಿ ಫ್ರಾನ್ಸ್, ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಂತೆ ಹೆಚ್ಚಿಸುವ ಗುರಿಯ ಅಭಿಯಾನಕ್ಕೆ ಚಾಲನೆ ನೀಡಿತು. 2019ರಲ್ಲಿ ಅಮೆರಿಕದ ಇಂಡಿಗೊ ಕಂಪನಿ ರೈತರಿಂದ ಕ್ರೆಡಿಟ್ ಕೊಳ್ಳುವ ಯೋಜನೆ ಪ್ರಕಟಿಸಿತು. 2020ರಲ್ಲಿ ಕ್ರೆಡಿಟ್‌ಗಳನ್ನು ನೋಂದಾಯಿಸುವ ಕ್ಲೈಮೇಟ್ ಆಕ್ಷನ್ ರಿಸರ್ವ್ ಮತ್ತು ವೆರಾ ಸಂಸ್ಥೆಗಳು ಹೊಲದ ಮಣ್ಣಿಗೆ ಹೊಸ ಮಾನದಂಡ ಹೊರತಂದವು. 2021ರಲ್ಲಿ ಮೈಕ್ರೋಸಾಫ್ಟ್ ಅಮೆರಿಕ ಮತ್ತು ಆಸ್ಟ್ರೇಲಿಯಾದ ಮಣ್ಣಿನ ಕ್ರೆಡಿಟ್‌ಗಳನ್ನು ಖರೀದಿಸಿತು. ಹಿನ್ನಡೆಯೂ ಆಯಿತು: ಗುಣಮಟ್ಟದ ದೋಷಗಳ ಕಾರಣ ವೆರಾ 2024ರಲ್ಲಿ ಚೀನಾದ ಭತ್ತದ ಗದ್ದೆಗಳ ಹೊರಸೂಸುವಿಕೆ ತಗ್ಗಿಸುವ 37 ಯೋಜನೆಗಳನ್ನು ತಿರಸ್ಕರಿಸಿತು.

ಅಳತೆಯ ಕಷ್ಟ

ಒಂದು ಎಕರೆಯ 30 ಸೆಂಟಿಮೀಟರ್ ಆಳದ ಮಣ್ಣು ಸುಮಾರು 1,580 ಟನ್ ತೂಗುತ್ತದೆ. ಅದರ ಸಾವಯವ ಇಂಗಾಲ ಶೇ 0.5ರಿಂದ ಶೇ 0.6ಕ್ಕೆ ಏರಿದರೆ ಸುಮಾರು 1.6 ಟನ್ ಇಂಗಾಲ ಸೇರಿದಂತೆ. ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 5.8 ಟನ್, ಅಂದರೆ ಆರು ಕ್ರೆಡಿಟ್‌ಗೂ ಕಡಿಮೆ. ಇಷ್ಟು ಏರಿಕೆಗೆ ಹಲವು ವರ್ಷ ಬೇಕು. ಒಂದೇ ಹೊಲದ ಎರಡು ಮೂಲೆಗಳ ನಡುವೆಯೇ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಇರಬಹುದು. ಆದ್ದರಿಂದ ಹಲವು ಕಡೆ ಮಾದರಿ ತೆಗೆಯಬೇಕು, ಅದರ ಖರ್ಚು ಸಣ್ಣ ಹಿಡುವಳಿಗೆ ಭಾರ.

ಇನ್ನೊಂದು ಕಟ್ಟಳೆ, ಇಂಗಾಲ ಯೋಜನೆಯಿಂದಲೇ ಹೊಸದಾಗಿ ಹೆಚ್ಚಿರಬೇಕು ಎಂಬುದು. ಮಲೆನಾಡಿನಲ್ಲಿ ತಲೆಮಾರುಗಳಿಂದ ಸೊಪ್ಪಿನ ಬೆಟ್ಟದ ಸೊಪ್ಪು ತಂದು ತೋಟದ ಮಣ್ಣು ಕಾಪಾಡಿದವರಿಗೂ, ಬಯಲುಸೀಮೆಯಲ್ಲಿ ರಾಗಿಯೊಂದಿಗೆ ಅಕ್ಕಡಿ ಬೆಳೆ ಬಿಡದವರಿಗೂ ಈ ಕಟ್ಟಳೆಯಡಿ ಕ್ರೆಡಿಟ್ ಸಿಗುವುದು ಕಷ್ಟ. ಮೊದಲಿನಿಂದ ಭೂಮಿಯನ್ನು ಚೆನ್ನಾಗಿ ನೋಡಿಕೊಂಡವರನ್ನೇ ಬಿಟ್ಟುಬಿಡುವುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ.

ಭಾರತ ಮತ್ತು ಕರ್ನಾಟಕ

ಕರ್ನಾಟಕದ ಗ್ರಾಮೀಣ ಕುಟುಂಬಗಳಿಗೆ ಕಾರ್ಬನ್ ಮಾರುಕಟ್ಟೆ ಹೊಸದಲ್ಲ. ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ 5,500 ಮನೆಗಳಿಗೆ ಎರಡು ಘನಮೀಟರಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸುವ ಯೋಜನೆ 2005ರ ಡಿಸೆಂಬರ್‌ನಲ್ಲಿ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಾಯಿತವಾಯಿತು. ಅಲ್ಲಿ ಕ್ರೆಡಿಟ್ ಸಿಕ್ಕದ್ದು ಸೌದೆ, ಸೀಮೆಎಣ್ಣೆಯ ಉಳಿತಾಯಕ್ಕೆ, ಮಣ್ಣಿನ ಇಂಗಾಲಕ್ಕಲ್ಲ.

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಅಧಿಸೂಚಿಸಿತು. 2024ರ ಜನವರಿಯಲ್ಲಿ ಕೃಷಿ ಸಚಿವಾಲಯ ಕೃಷಿ ವಲಯದ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಗೆ ಚೌಕಟ್ಟು ಬಿಡುಗಡೆ ಮಾಡಿತು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ ಸಾವಯವ ಇಂಗಾಲದ ಪ್ರಮಾಣವೂ ನಮೂದಾಗುತ್ತದೆ, ಶೇ 0.5ಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊರತೆ ಎಂದು ಪರಿಗಣಿಸಲಾಗುತ್ತದೆ.

ಎರಡು ದಶಕಗಳ ಈ ಇತಿಹಾಸದ ಸಾರ ಸ್ಪಷ್ಟ. ಅಳತೆ ಸಡಿಲವಾದ ಕಡೆ ನಂಬಿಕೆ ಕುಸಿದಿದೆ, ಅಳತೆ ಬಿಗಿಯಾದ ಕಡೆ ಖರ್ಚು ಹೆಚ್ಚಿದೆ. ಕ್ರೆಡಿಟ್ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ರೈತರು ಎಷ್ಟು ವರ್ಷದ ಕಟ್ಟುಪಾಡು, ಮಣ್ಣು ಪರೀಕ್ಷೆಯ ಖರ್ಚು ಯಾರದು, ಮಾರಾಟದ ಹಣದಲ್ಲಿ ತಮ್ಮ ಪಾಲೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಬೇಕು. ಕ್ರೆಡಿಟ್ ಬೆಲೆ ಏರಲಿ, ಇಳಿಯಲಿ, ಮಣ್ಣಿನಲ್ಲಿ ಉಳಿದ ಇಂಗಾಲದ ಮೊದಲ ಲಾಭ ಆ ಹೊಲದ ಬೆಳೆಗೇ ಸಲ್ಲುತ್ತದೆ.